ಬುಟ್ಟಿ ಕೆಳಗಿಟ್ಟವರು

(ತಿಪಟೂರಿನಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ಕಾನೂನಿನ ವಿಚಾರವನ್ನು ಬೆಳಿಗ್ಗೆ ವಕೀಲರಾದ ಸೋದರಿ ಚೆನ್ನಾಗಿ ತಿಳಿಸಿದ್ದಾರೆ. ಅವರು ಮಾತಾಡುವಾಗ ಹಿಂದಿನ ಸಾಲಿನಿಂದ ಒಬ್ಬಾಕೆ, "ಕಾನೂನು ಐತೆ ಸರಿ, ನಮ್ಮನೇತಾವ ಯಾವಾಗ ಬತ್ತದೆ?" ಎಂದು ಕೇಳಿದರು. ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನಾನು ಆ ಪ್ರಶ್ನೆಗೆ ಒಬ್ಬ ಮನುಷ್ಯನ ಕಥೆಯಿಂದ ಉತ್ತರ ಹೇಳಲು ನೋಡುತ್ತೇನೆ. ಅವರು ಕೋಲಾರದ ಚಿನ್ನದ ಗಣಿಯ ಊರಿನವರು, ಬೆಜವಾಡ ವಿಲ್ಸನ್.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಟ್ಟದ ತುಂಬ ಕೊಬ್ಬರಿ, ಹಿತ್ತಿಲಿನಲ್ಲಿ ಒಣ ಕಕ್ಕಸು. ಬೆಳಗಾಗುವ ಮುಂಚೆ ಹಿಂದಿನ ಸಂದಿಯಿಂದ ಒಬ್ಬ ಹೆಂಗಸು ಬಂದು ಬಳಿದು ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದಳು. ಹಬ್ಬದ ದಿನ ನಮ್ಮಜ್ಜಿ ಆಕೆಗೆ ತೆಂಗಿನ ಚಿಪ್ಪಿನಲ್ಲಿ ಕಾಫಿಯನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಅಜ್ಜಿ ಕೆಟ್ಟವರಲ್ಲ. ಆದರೆ ಚಿಪ್ಪನ್ನು ಮಾತ್ರ ಸಂದಿಯಲ್ಲೇ ಇಡಬೇಕಿತ್ತು.

ವಿಲ್ಸನ್ ಹುಟ್ಟಿದ್ದು 1966ರಲ್ಲಿ, ಇದೇ ಕೆಲಸ ಮಾಡುವ ಮನೆಯಲ್ಲಿ. ಅವರ ಊರಿನ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಇಡೀ ದೇಶಕ್ಕೆ ಅದೊಂದು ಹೆಮ್ಮೆ. ಆದರೆ ಅದೇ ಊರಿನ ಕಾರ್ಮಿಕರ ಕಾಲೋನಿಗಳ ಕಕ್ಕಸನ್ನು ಮನುಷ್ಯರು ಬಳಿಯುವುದು 1990ರ ದಶಕದವರೆಗೂ ನಡೆಯಿತು. ತಾವು ಮಾಡುವ ಕೆಲಸ ಏನೆಂದು ತಂದೆತಾಯಿ ಮಗನಿಗೆ ಹೇಳಿರಲಿಲ್ಲ. ಶಾಲೆಯಲ್ಲಿ ಹುಡುಗರು ಹಂಗಿಸುತ್ತಿದ್ದರು. ಮನೆಯಲ್ಲಿ ಕೇಳಿದರೆ ಮಾತು ಮರೆಸುತ್ತಿದ್ದರು. ಬೆಳೆದ ಮೇಲೆ ಒಂದು ದಿನ ಅವರೇ ಕೆಲಸದ ಜಾಗಕ್ಕೆ ಹೋದರು. ಮಲದ ಗುಂಡಿಗೆ ಬಕೆಟ್ಟು ಬಿದ್ದಾಗ ಕೆಲಸಗಾರ ಬರಿಗೈ ಇಳಿಸಿ ಅದನ್ನು ಎತ್ತಿದ್ದನ್ನು ನೋಡಿದರು. ಅಲ್ಲೇ ಕುಳಿತು ಅತ್ತರಂತೆ, ಸಾಯಬೇಕು ಎನ್ನಿಸಿತಂತೆ.

ಸಾಯಲಿಲ್ಲ, 1986ರಿಂದ ಪತ್ರ ಬರೆಯತೊಡಗಿದರು. ಗಣಿಯ ಆಡಳಿತಕ್ಕೆ, ಮುಖ್ಯಮಂತ್ರಿಗೆ, ಪ್ರಧಾನಿಗೆ, ಪತ್ರಿಕೆಗಳಿಗೆ. ಬಹಳ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಅದಕ್ಕಿಂತ ಕಷ್ಟವಾದದ್ದು ಸ್ವಂತ ಜನರ ಮಾತು: ಇದೂ ಹೋದರೆ ಹೊಟ್ಟೆಗೇನು, ಇದು ನಮ್ಮ ಹಣೆಬರಹ, ಬೀದಿಗೆ ಯಾಕೆ ತರ್ತೀಯ? ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ ತವರಿನವರು ಹೇಳುವ ಮಾತೂ ಹೆಚ್ಚುಕಡಿಮೆ ಇದೇ ಅಲ್ಲವೆ? ವಿಲ್ಸನ್ ಅವರನ್ನು ಬೈಯಲಿಲ್ಲ, ಕೂತು ಮಾತಾಡಿದರು. ಫೋಟೋ ತೆಗೆದರು, ಪತ್ರಿಕೆಗೆ ಕೊಟ್ಟರು. ಫೋಟೋ ಅಚ್ಚಾದ ಮೇಲೆ ಆಡಳಿತ ಎಚ್ಚೆತ್ತು ಕಕ್ಕಸುಗಳನ್ನು ಬದಲಾಯಿಸಿತು, ಆ ಕೆಲಸಗಾರರಿಗೆ ಬೇರೆ ಕೆಲಸ ಕೊಟ್ಟಿತು.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ್ದರು. ಪಾರ್ಲಿಮೆಂಟು 1993ರಲ್ಲಿ ಕಾಯಿದೆ ಮಾಡಿತು. ಆದರೂ ಕೆಲಸ ನಿಲ್ಲಲಿಲ್ಲ. ವಿಲ್ಸನ್, ನಿವೃತ್ತ ಐಎಎಸ್ ಅಧಿಕಾರಿ ಎಸ್. ಆರ್. ಶಂಕರನ್ ಮೊದಲಾದವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮಲ್ಲಿ ಅಂಥ ಕೆಲಸವೇ ಇಲ್ಲ ಎಂದು ಎಷ್ಟೋ ರಾಜ್ಯಗಳು ಪ್ರಮಾಣಪತ್ರ ಹಾಕಿದವು. ಆಗ ಇವರು ಊರೂರು ಸುತ್ತಿ, ಯಾವ ಕಕ್ಕಸು, ಯಾರು ಬಳಿಯುತ್ತಾರೆ ಎಂದು ಬರೆದು, ಚಿತ್ರ ತೆಗೆದು ಕೋರ್ಟಿನ ಮುಂದಿಟ್ಟರು. ತೀರ್ಪು ಬಂದದ್ದು 2014ರ ಮಾರ್ಚ್ 27ಕ್ಕೆ. ಹನ್ನೊಂದು ವರ್ಷ! ನಮ್ಮ ಸಂಘದಲ್ಲಿ ಎರಡು ವಾಯಿದೆ ಹೋದರೆ ಸಾಕು, ಕೇಸು ಬೇಡ ಬಿಡಿ ಎನ್ನುತ್ತೇವೆ.

ಬುಟ್ಟಿ ಹೊರುವವರಲ್ಲಿ ಬಹುಪಾಲು ಹೆಂಗಸರು. ಉತ್ತರದ ಕಡೆ ಇಂತಿಂಥ ಮನೆಗಳ ಕಕ್ಕಸು ಇಂಥ ಕುಟುಂಬದ್ದು ಎಂದು ಹಂಚಿಕೆ ಇರುತ್ತಿತ್ತು, ಅದಕ್ಕೆ ಜಾಗೀರು ಎಂದು ಹೆಸರು. ಮದುವೆಯಾಗಿ ಬಂದ ಸೊಸೆಯನ್ನು ಅತ್ತೆ ಕರೆದುಕೊಂಡು ಹೋಗಿ ಆ ಮನೆಗಳನ್ನು ತೋರಿಸಬೇಕು. ಎಂಥ ಬಳುವಳಿ ನೋಡಿ! ತವರಿನಲ್ಲಿ ಆ ಕೆಲಸ ಮುಟ್ಟಿರದ ಹುಡುಗಿಯರೂ ಮದುವೆಯಿಂದ ಅದಕ್ಕೆ ಬಿದ್ದರು. ಅಂಥ ಹೆಂಗಸರೇ ಊರಿನ ನಡುವೆ ತಮ್ಮ ಬುಟ್ಟಿಗಳನ್ನು ರಾಶಿ ಹಾಕಿ ಬೆಂಕಿ ಕೊಟ್ಟರು. ವಿಲ್ಸನ್ನರಿಗೆ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನನಗೆ ದೊಡ್ಡದಾಗಿ ಕಾಣುವುದು ಆ ಬೆಂಕಿ.

ನಮ್ಮ ಊರಲ್ಲಿ ಈಗ ಅದೆಲ್ಲ ಎಲ್ಲಿದೆ ಮೇಡಂ ಎನ್ನಬಹುದು. ಬುಟ್ಟಿ ಇಲ್ಲ, ಸೆಪ್ಟಿಕ್ ಟ್ಯಾಂಕಿನ ಗುಂಡಿ ಇದೆ. ರಕ್ಷಣೆಯ ಸಲಕರಣೆ ಇಲ್ಲದೆ ಅದರೊಳಗೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ, ಇಳಿಸಿದವರು ಮನೆಯ ಯಜಮಾನರಾದರೂ ಸರಿ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರ ತೀರ್ಪಿನಂತೆ 10 ಲಕ್ಷ ಪರಿಹಾರವಿತ್ತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಅದಕ್ಕಾಗಿ ಕಚೇರಿ ಅಲೆಯಬೇಕಾದವಳು ಮತ್ತೆ ಒಬ್ಬ ಹೆಂಡತಿ, ಅಥವಾ ತಾಯಿ. ಒಬ್ಬಳೇ ಅಲೆಯುವುದು ಬೇಡ, ಸಂಘದಿಂದ ಇಬ್ಬರು ಜೊತೆಗೆ ಹೋಗಿ.

ನಮ್ಮ ಉಳಿತಾಯದ ಪುಸ್ತಕದಲ್ಲಿ ಪೈಸೆಪೈಸೆ ಬರೆಯುತ್ತೇವೆ. ಅದರ ಪಕ್ಕ ಇನ್ನೊಂದು ಪುಸ್ತಕ ಇಡೋಣ. ಯಾವ ಮನೆಯಲ್ಲಿ ಯಾವ ತಾರೀಖು ಹೊಡೆತ ಬಿತ್ತು, ಏನು ಕೇಳಿದರು, ಯಾರು ನೋಡಿದರು. ಪೊಲೀಸಿಗೆ ಹೋಗುವುದೋ ಬಿಡುವುದೋ ಆಮೇಲೆ ಆಕೆಯೇ ತೀರ್ಮಾನಿಸಲಿ. ಪುಸ್ತಕ ಒಬ್ಬರ ಬೀರುವಿನಲ್ಲಿ ಬೀಗ ಹಾಕಿ ಇರಲಿ, ಗಂಡಂದಿರ ಕಣ್ಣಿಗೆ ಬೀಳುವುದು ಬೇಡ.

ನಮ್ಮ ಹಿತ್ತಿಲಿಗೆ ಬರುತ್ತಿದ್ದ ಆಕೆಯ ಹೆಸರು ನಾನು ಕೇಳಲೇ ಇಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಎತ್ತರದ ಹೆಂಗಸು, ಎಡಗೈ ಮೇಲೆ ಹಚ್ಚೆ ಇತ್ತು. ಇಲ್ಲಿರುವ ಹಿರಿಯರಲ್ಲಿ ಯಾರಿಗಾದರೂ ನೆನಪಿದ್ದರೆ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು ಹೇಳಿ.