ಉಳಿಸುವ ಕೆಲಸ ತಾರಸಿಯಿಂದ ಶುರು
(ಮೈಸೂರಿನ ಹಳೆಯ ಕಟ್ಟಡಗಳು ಮತ್ತು ಬೀದಿಗಳ ನಕ್ಷೆ–ಛಾಯಾಚಿತ್ರ ಪ್ರದರ್ಶನದ ಉದ್ಘಾಟನಾ ಭಾಷಣ)



ಪ್ರತಿವರ್ಷ ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆ ಏಳು ದಿನ ಹಂಪಿಯ ಬಗ್ಗೆ, ಅರಮನೆಯ ಬಗ್ಗೆ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳ ಬಗ್ಗೆ ಒಳ್ಳೊಳ್ಳೆಯ ಮಾತು ಕೇಳುತ್ತೇವೆ. ಈ ಪ್ರದರ್ಶನದ ಸಂಘಟಕರು ಹಿಡಿದ ದಾರಿ ಬೇರೆ. ಇಲ್ಲಿ ಗೋಡೆಯ ಮೇಲಿರುವುದು ಮಾರುಕಟ್ಟೆ, ಅಂಗಡಿ ಸಾಲು, ಜಗಲಿ ಮನೆ, ಹಳೇ ಶಾಲೆ. ಟಿಕೆಟ್ ತೆಗೆದುಕೊಂಡು ನೋಡುವ ಜಾಗಗಳಲ್ಲ, ತರಕಾರಿ ಚೀಲ ಹಿಡಿದು ಹಾದುಹೋಗುವ ಜಾಗಗಳು. ಹಾಗಾಗಿಯೇ ಇವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಕಾನೂನೂ ಹೆಚ್ಚುಕಡಿಮೆ ಹಾಗೆಯೇ ಇದೆ. 1958ರ ಕೇಂದ್ರ ಕಾಯ್ದೆ ಮತ್ತು 1961ರ ನಮ್ಮ ರಾಜ್ಯದ ಕಾಯ್ದೆ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ಆದರೆ ಯಾರದೋ ಅಜ್ಜ ಕಟ್ಟಿಸಿದ ತೊಟ್ಟಿ ಮನೆಗೆ, ಒಂದೇ ಎತ್ತರದ ಹೆಂಚಿನ ಮನೆಗಳ ಬೀದಿಗೆ ಆ ರಕ್ಷಣೆ ದೊರೆಯುವುದು ತೀರಾ ಅಪರೂಪ. ಆ ಕೊರತೆ ತುಂಬುವುದಕ್ಕೇ ಸಂಘ ಸಂಸ್ಥೆಗಳು ಬೇಕಾದದ್ದು. 1984ರಲ್ಲಿ ದೆಹಲಿಯಲ್ಲಿ ಇಂಟ್ಯಾಕ್ ಹುಟ್ಟಿತು. ಇಂದು ದೇಶದ ಬೇರೆ ಬೇರೆ ಊರುಗಳಲ್ಲಿ ಅದರ ಶಾಖೆಗಳು ಸರ್ಕಾರದ ಪಟ್ಟಿಯಲ್ಲಿಲ್ಲದ ಕಟ್ಟಡಗಳನ್ನು ಗುರುತಿಸಿ ದಾಖಲಿಸುತ್ತಿವೆ.

ನಮ್ಮ ನಾಡಿನಲ್ಲೇ ಈ ಕೆಲಸ ಮೂರು ಬಗೆಯಲ್ಲಿ ನಡೆದಿದೆ. ಮೊದಲನೆಯದು ಜಗಳ. ಬೆಂಗಳೂರಿನ ಅಠಾರಾ ಕಚೇರಿ, ಈಗ ಹೈಕೋರ್ಟ್ ಇರುವ ಆ ಕೆಂಪು ಕಟ್ಟಡ, 1860ರ ದಶಕದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾವ ಬಂದಾಗ ನಾಗರಿಕರು ಕೋರ್ಟಿನ ಕಟ್ಟಡ ಉಳಿಸಿ ಎಂದು ಕೋರ್ಟಿಗೇ ಹೋದರು. ಕಟ್ಟಡ ಉಳಿಯಿತು. ಎರಡನೆಯದು ಸ್ಥಳಾಂತರ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕ್ ನೌಕರಿಯಲ್ಲಿದ್ದವರು. ಕೆಡವಲು ಹೊರಟ ಮನೆಗಳ ಕಂಬ, ಬಾಗಿಲು, ಜಂತಿಗಳನ್ನು ಬಿಡಿಬಿಡಿಯಾಗಿ ತಂದು, ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್‌ಗಳನ್ನು ಮತ್ತೆ ನಿಲ್ಲಿಸಿದರು. ಮೂರನೆಯದು ಪಾಲುದಾರಿಕೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಪಾಳುಬಿದ್ದ ಹಳೆಯ ದೇವಸ್ಥಾನಗಳನ್ನು ದುರಸ್ತಿ ಮಾಡಿಸುತ್ತಿದೆ. ಅದರ ಕ್ರಮದಲ್ಲಿ ನನಗೆ ಹಿಡಿಸಿದ್ದು ಒಂದು ಅಂಶ: ಸರ್ಕಾರ, ಟ್ರಸ್ಟ್ ಇಬ್ಬರ ಜೊತೆ ಊರವರೂ ಖರ್ಚಿನಲ್ಲಿ ಪಾಲು ಹಾಕಬೇಕು. ಕೈಯಿಂದ ದುಡ್ಡು ಹಾಕಿದವನು ನಾಳೆ ಗೋಪುರದ ಮೇಲೆ ಗಿಡ ಹುಟ್ಟಿದರೆ ಕೇಳುತ್ತಾನೆ.

ಈಗ ನಮ್ಮ ಊರಿಗೆ ಬರೋಣ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಕಳೆದುಕೊಂಡರು. ಸರಿಯಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಎರಡೂ ಮಳೆಗಾಲದಲ್ಲೇ. ಆಮೇಲೆ ಸಮಿತಿಗಳು ಬಂದವು. ಕೆಡವಿ ಹೊಸದು ಕಟ್ಟಿ ಎಂದವರುಂಟು, ದುರಸ್ತಿ ಮಾಡಿದರೆ ನಿಲ್ಲುತ್ತದೆ ಎಂದವರುಂಟು. ಇಬ್ಬರ ವಾದದ ನಡುವೆ ಕಟ್ಟಡ ಮಾತ್ರ ಒಂದೊಂದೇ ಮಳೆ ನೆನೆಯುತ್ತಾ ಹೋಯಿತು.

ಒಳಗೆ ಬರುವಾಗ ಎಡಗಡೆ ಗೋಡೆಯಲ್ಲಿ ಒಂದು ನಕ್ಷೆ ಕಂಡೆ. ಒಂದೇ ಒಂದು ತೊಲೆಯ ತುದಿಯನ್ನು ದೊಡ್ಡದಾಗಿ ಬರೆದಿದ್ದಾರೆ. ದಯವಿಟ್ಟು ಅದರ ಮುಂದೆ ಒಂದು ನಿಮಿಷ ನಿಲ್ಲಿ. ಹಳೆಯ ಮದ್ರಾಸ್ ತಾರಸಿ ಹೇಗಿರುತ್ತದೆಂದರೆ, ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಗಾರೆ ಬಡಿದಿರುತ್ತಾರೆ. ತೊಲೆಯ ತುದಿ ಗೋಡೆಯೊಳಗೆ ಹೂತಿರುತ್ತದೆ. ಮಳೆನೀರು ಹರಿದುಹೋಗುವ ತಾರಸಿಯ ದೋಣಿಗೆ ಅರಳಿ ಎಲೆ ತುಂಬಿಕೊಂಡಿತು ಅನ್ನಿ. ನೀರು ನಿಂತಿತು, ಗಾರೆ ಬಿರುಕು ಬಿಟ್ಟಿತು, ನೀರು ಗೋಡೆಯೊಳಗೆ ಇಳಿಯಿತು. ತೊಲೆಯ ನಡುಭಾಗ ಕೆಳಗಿನಿಂದ ನೋಡಿದರೆ ಗಟ್ಟಿಮುಟ್ಟು. ಕಣ್ಣಿಗೆ ಕಾಣದ ತುದಿ ಕೊಳೆಯುತ್ತಿರುತ್ತದೆ. ಹೀಗೆ ವರ್ಷಗಟ್ಟಲೆ ನಡೆದು, ಒಂದು ದಿನ ಜೋರು ಮಳೆ ಬಂದಾಗ ಕೂತಿದ್ದವರ ಮೇಲೆ ಬೀಳುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಶಿಥಿಲ ಕಟ್ಟಡ’ ಎಂದು ಬರುತ್ತದೆ. ವಯಸ್ಸಾಗಿ ಬಿತ್ತು ಎಂದು ಎಲ್ಲರೂ ನಂಬುತ್ತೇವೆ. ಕೊಂದದ್ದು ವಯಸ್ಸಲ್ಲ, ಕಟ್ಟಿಕೊಂಡ ದೋಣಿ.

ಇನ್ನೊಂದು ತೊಂದರೆ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಗೋಡೆ ಉಪ್ಪು ಹಿಡಿದಿದೆ ಎಂದು ಅದರ ಮೇಲೆ ಸಿಮೆಂಟು ಬಳಿಸುತ್ತೇವೆ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ತೇವ ಒಳಗೇ ಉಳಿದು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ಹೊಸ ಬಣ್ಣ, ಒಳಗೆ ಬರೀ ಮಣ್ಣು. ಹೊರಗಡೆ ಅಂಗಳದಲ್ಲಿ ಗಾರೆ ಕೆಲಸದ ಹಿರಿಯರು ಸುಣ್ಣ ಕೊಳೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಅರೆದು ತೋರಿಸುತ್ತಿದ್ದಾರೆ. ಇಂಥ ಕೈಗಳು ಕಡಿಮೆಯಾಗುತ್ತಿವೆ. ಹತ್ತು ಕಟ್ಟಡ ಪಟ್ಟಿಗೆ ಸೇರಿಸುವುದಕ್ಕಿಂತ ಹತ್ತು ಹುಡುಗರನ್ನು ಇವರ ಹತ್ತಿರ ಕೆಲಸಕ್ಕೆ ಬಿಡುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಕಟ್ಟಡವನ್ನು ಒಮ್ಮೆ ಉಳಿಸಿದರೆ ಸಾಲದು, ವರ್ಷವರ್ಷವೂ ಉಳಿಸಬೇಕು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸವನ್ನೇ ನೋಡಿ. 1905ರ ಆ ಸೌಧವನ್ನು 2000ದ ನಂತರ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಚೆನ್ನಾಗಿ ದುರಸ್ತಿ ಮಾಡಲಾಯಿತು. ಕೆಲವು ವರ್ಷಗಳಲ್ಲಿ ಮತ್ತೆ ಸೋರಿಕೆ, ಮತ್ತೆ ಬಿರುಕು. ದುರಸ್ತಿಗೆ ದಾನಿಗಳು ಸಿಗುತ್ತಾರೆ, ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಪ್ರತಿ ಮೇ ತಿಂಗಳು ಏಣಿ ಹತ್ತಿ ಎಲೆ ಗುಡಿಸುವವನ ಸಂಬಳಕ್ಕೆ ದಾನಿಗಳು ಸಿಗುವುದಿಲ್ಲ.

ಬೀದಿಯ ವಿಷಯಕ್ಕೆ ಬಂದರೆ ಇನ್ನೊಂದು ಎಚ್ಚರ ಬೇಕು. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. 2024ರ ಮೇ ತಿಂಗಳ ಮಳೆಗೆ ಅದೇ ಸಾಲುಮಂಟಪದ ಒಂದು ಭಾಗ ಕುಸಿಯಿತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಜನರನ್ನು ಎಬ್ಬಿಸಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ ಎನ್ನುವುದಂತೂ ನಿಜ. ಅಹಮದಾಬಾದಿನವರು ಬೇರೆ ದಾರಿ ಹಿಡಿದರು. ಅಲ್ಲಿನ ನಗರಪಾಲಿಕೆ 1996ರಲ್ಲೇ ಪರಂಪರೆಗೆಂದು ಒಂದು ಘಟಕ ತೆರೆಯಿತು, ಮರುವರ್ಷ ಪೋಳ್ ಎನ್ನುವ ಹಳೆಯ ವಸತಿ ಓಣಿಗಳ ನಡುವೆ ನಡಿಗೆ ಶುರುಮಾಡಿತು. ಜನ ಅಲ್ಲೇ ಇದ್ದಾರೆ, ಅಡುಗೆ ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ. 2017ರಲ್ಲಿ ಆ ಊರು ಭಾರತದ ಮೊದಲ ವಿಶ್ವ ಪರಂಪರೆ ನಗರವಾಯಿತು.

ಆದ್ದರಿಂದ ಈ ಪ್ರದರ್ಶನ ಏರ್ಪಡಿಸಿದ ಸಂಸ್ಥೆಯ ಗೆಳೆಯರಲ್ಲಿ ನನ್ನ ವಿನಂತಿ. ಮನೆಯ ಯಜಮಾನರನ್ನು ಎದುರಾಳಿಯಂತೆ ನೋಡಬೇಡಿ. ನಾಲ್ಕು ಜನ ಅಣ್ಣತಮ್ಮಂದಿರಿಗೆ ಪಾಲಾದ ಮನೆ, ಸೋರುವ ಮಾಡು, ಬಾಗಿಲಿಗೆ ಬಂದು ನಿಂತ ಬಿಲ್ಡರ್: ಆ ಮನುಷ್ಯನಿಗೆ ನಾವು ‘ಕೆಡವಬೇಡಿ’ ಅಂದರೆ ಅವನು ಕೇಳುವ ಮೊದಲ ಪ್ರಶ್ನೆ, ‘ರಿಪೇರಿ ಖರ್ಚು ಯಾರು ಕೊಡುತ್ತೀರಿ?’ ನ್ಯಾಯವಾದ ಪ್ರಶ್ನೆ. ತೆರಿಗೆಯಲ್ಲಿ ರಿಯಾಯಿತಿ ಕೇಳಿ, ಮೇಲೆ ಅಂತಸ್ತು ಏರಿಸದವರಿಗೆ ಪರಿಹಾರ ಕೇಳಿ, ನಂಬಿಕಸ್ಥ ಗಾರೆ ಕೆಲಸದವರ ಫೋನ್ ನಂಬರನ್ನಾದರೂ ಕೊಡಿ. ಮುಂದಿನ ಮುಂಗಾರಿಗೆ ಮುಂಚೆ ಈ ಪ್ರದರ್ಶನದಲ್ಲಿರುವ ಕಟ್ಟಡಗಳ ತಾರಸಿ ದೋಣಿಗಳನ್ನು, ಅಲ್ಲಿರುವವರನ್ನು ಜೊತೆಗಿಟ್ಟುಕೊಂಡೇ, ಒಂದೊಂದಾಗಿ ಸ್ವಚ್ಛ ಮಾಡಿಸಿ. ಪತ್ರಿಕೆಯಲ್ಲಿ ಸುದ್ದಿಯಾಗದಿದ್ದರೂ ಪರವಾಗಿಲ್ಲ.

ವಿದ್ಯಾರ್ಥಿಗಳು ಇಷ್ಟು ಶ್ರಮಪಟ್ಟು ಬರೆದ ನಕ್ಷೆಗಳು ನಾಳೆ ದುರಸ್ತಿಗೆ ಇಳಿಯುವವರ ಕೈಗೆ ಸೇರಲಿ ಎಂದು ಹಾರೈಸುತ್ತಾ, ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬನ್ನಿ, ಮೊದಲು ಅಂಗಳಕ್ಕೆ ಹೋಗೋಣ, ಗಾರೆ ಅರೆಯುತ್ತಿರುವ ಹಿರಿಯರನ್ನು ಮಾತಾಡಿಸೋಣ.