ಬಿಡಿಭಾಗಗಳ ಉದ್ಯಮ ಮತ್ತು ನಮ್ಮ ಮಕ್ಕಳ ಭವಿಷ್ಯ

(ಯಮಕನಮರಡಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮೂರ ಪಕ್ಕದ ಹತ್ತರಗಿಯಲ್ಲಿರುವ ಏಕಸ್ ವಿಶೇಷ ಆರ್ಥಿಕ ವಲಯವನ್ನು ಹೆದ್ದಾರಿಯಲ್ಲಿ ಹೋಗುವಾಗ ನೀವೆಲ್ಲರೂ ನೋಡಿದ್ದೀರಿ. 2009ರಲ್ಲಿ ಆರಂಭವಾದ, ಸುಮಾರು 250 ಎಕರೆ ವಿಸ್ತಾರದ ಈ ವಲಯದಲ್ಲಿ ಏರ್‌ಬಸ್ ಮತ್ತು ಬೋಯಿಂಗ್ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಹುಕ್ಕೇರಿ ತಾಲ್ಲೂಕಿನಲ್ಲಿ ತಯಾರಾದ ವಸ್ತು ಲೋಕದ ಆಕಾಶದಲ್ಲೆಲ್ಲ ಹಾರಾಡುತ್ತಿದೆ ಎಂಬುದು ಹೆಮ್ಮೆಯ ವಿಷಯ. ಆದರೆ ಆ ಗೇಟಿನೊಳಗೆ ನಮ್ಮ ಮಕ್ಕಳು ಯಾವ ಕೆಲಸಕ್ಕೆ ಹೋಗಬೇಕು? ಸಾಮಾನು ಹೊರುವುದಕ್ಕೋ, ಯಂತ್ರ ನಡೆಸುವುದಕ್ಕೋ? ಇದೇ ನನ್ನ ಇಂದಿನ ವಿಷಯ.

ವಿಮಾನದ ಒಂದು ಭಾಗ ಹೇಗೆ ತಯಾರಾಗುತ್ತದೆ ನೋಡಿ. ಮೊದಲು ಲೋಹವನ್ನು ಕಾಯಿಸಿ, ಭಾರೀ ಪ್ರೆಸ್ಸಿನಲ್ಲಿ ಒತ್ತಿ ಆಕಾರಕ್ಕೆ ತರುತ್ತಾರೆ. ನಂತರ ಸಿ.ಎನ್.ಸಿ. ಯಂತ್ರ ಕಂಪ್ಯೂಟರ್ ಪ್ರೋಗ್ರಾಮಿನಂತೆ ಅದನ್ನು ಕೊರೆಯುತ್ತದೆ. ಆಮೇಲೆ ಸವಕಳಿಯಾಗದಂತೆ ರಾಸಾಯನಿಕ ಲೇಪನ, ಕೊನೆಗೆ ಜೋಡಣೆ. ಈ ಎಲ್ಲ ಹಂತಗಳೂ ಒಂದೇ ಆವರಣದಲ್ಲಿ ನಡೆಯುವುದು ಹತ್ತರಗಿಯ ವೈಶಿಷ್ಟ್ಯ. ಇದರಿಂದ ಸಾಗಾಟದ ಸಮಯವೂ ಖರ್ಚೂ ಉಳಿಯುತ್ತವೆ.

ಇಲ್ಲಿ ಅಳತೆ ಮೈಕ್ರಾನ್‌ಗಳಲ್ಲಿ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ ಎಷ್ಟೋ ಭಾಗಗಳು ತಿರಸ್ಕೃತವಾಗುತ್ತವೆ. ಅಳತೆಯಷ್ಟೇ ದಾಖಲೆಯೂ ಮುಖ್ಯ. ಲೋಹ ಯಾವ ಎರಕದ್ದು, ಯಾವ ಯಂತ್ರದಲ್ಲಿ ಕೊರೆದದ್ದು, ಪರೀಕ್ಷಿಸಿದವರಾರು, ಎಲ್ಲವನ್ನೂ ಬರೆದಿಡಬೇಕು. ವರ್ಷಗಳ ನಂತರ ಬಿರುಕು ಕಂಡರೂ ಅದರ ಮೂಲ ಹುಡುಕಲು ಸಾಧ್ಯವಾಗಬೇಕು. ಆದ್ದರಿಂದ ಕೈಚಳಕ ಇದ್ದರಷ್ಟೇ ಸಾಲದು, ಓದು ಬರಹವೂ ಬೇಕು.

ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳು, ಲೇಥ್ ಕಾರ್ಖಾನೆಗಳು ದಶಕಗಳಿಂದ ನಮ್ಮ ಭಾಗದ ಯುವಕರಿಗೆ ಅನ್ನ ನೀಡಿವೆ. ಅವುಗಳ ಮುಂದೆ ಇಂದು ದೊಡ್ಡ ಸವಾಲಿದೆ. ಪೆಟ್ರೋಲ್, ಡೀಸೆಲ್ ಇಂಜಿನ್ನಿಗೆ ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಪಿಸ್ಟನ್ ಬೇಕು. ಬ್ಯಾಟರಿಯಿಂದ ಓಡುವ ವಾಹನಕ್ಕೆ ಇವು ಯಾವುವೂ ಬೇಡ. ಇನ್ನೊಂದು ಕಡೆ, ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಭಾಗವನ್ನೇ ಮುದ್ರಿಸುವ ವಿಧಾನ ಬಂದಿದೆ. ಲೀಪ್ ಎಂಬ ವಿಮಾನ ಇಂಜಿನ್ನಿನಲ್ಲಿ ಮೊದಲು ಸುಮಾರು 20 ತುಣುಕುಗಳನ್ನು ಬೆಸೆದು ಮಾಡಬೇಕಾಗಿದ್ದ ಇಂಧನ ನಾಝಲಿನ ತುದಿಯನ್ನು ಹೀಗೆ ಒಂದೇ ತುಣುಕಾಗಿ ಮಾಡುತ್ತಾರೆ. ವಿಮಾನದ ಕೆಲಸವೂ ಸದಾ ಒಂದೇ ಸಮನಿರುವುದಿಲ್ಲ; 2020ರಲ್ಲಿ ಕೊರೋನಾದಿಂದ ವಿಮಾನಗಳೇ ನಿಂತಾಗ ಬೇಡಿಕೆಯೂ ಕುಸಿಯಿತು. ಒಂದೇ ಯಂತ್ರ, ಒಂದೇ ಕೆಲಸ ಕಲಿತವನಿಗೆ ಈ ಬದಲಾವಣೆಗಳು ಕಷ್ಟ. ಡ್ರಾಯಿಂಗ್, ಅಳತೆ, ಪ್ರೋಗ್ರಾಮಿಂಗ್ ಬಲ್ಲವನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟಬಲ್ಲ.

ಬಂಧುಗಳೇ, ಈ ವಿದ್ಯೆ ನಮಗೆ ಪರಕೀಯವಲ್ಲ. 1206ರಲ್ಲಿ ಯಂತ್ರಗಳ ಕುರಿತು ಗ್ರಂಥ ಬರೆದ ಅಲ್-ಜಝರಿಯವರು ನೀರೆತ್ತುವ ಯಂತ್ರದಲ್ಲಿ ಕ್ರ್ಯಾಂಕ್ ಬಳಸುವುದನ್ನೂ ಮರಳಿನ ಅಚ್ಚಿನಲ್ಲಿ ಲೋಹ ಎರಕ ಹೊಯ್ಯುವುದನ್ನೂ ವಿವರಿಸಿದ್ದಾರೆ. ಉದ್ಯಮಬಾಗ್‌ನ ಫೌಂಡ್ರಿಗಳಲ್ಲಿಯೂ ಮರಳಿನ ಅಚ್ಚೇ ಬಳಕೆಯಲ್ಲಿದೆ. ಹಜರತ್ ದಾವೂದ್ ಅಲೈಹಿಸ್ಸಲಾಮರು ಕಬ್ಬಿಣದ ಕವಚ ಮಾಡುತ್ತಿದ್ದ ವಿಷಯ, ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಮಾಡಬೇಕೆಂದು ಅವರಿಗಾದ ಆಜ್ಞೆ ಪವಿತ್ರ ಕುರ್‌ಆನಿನಲ್ಲಿದೆ. ಅಳತೆಯ ನಿಷ್ಠೆಯೂ ಒಂದು ಅಮಾನತ್ ಎಂದು ನಾವು ತಿಳಿಯಬೇಕು.

ಆದರೆ ನಮ್ಮ ಸ್ಥಿತಿ ಏನು? 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಶಾಲೆಗೇ ಹೋಗಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ನಮ್ಮ ಹುಡುಗರ ಕೈ ಬಹಳ ಚುರುಕು. ಕೈಯಲ್ಲಿ ಪ್ರಮಾಣಪತ್ರ ಇಲ್ಲದ್ದರಿಂದ ಆ ಚುರುಕಿಗೆ ತಕ್ಕ ಬೆಲೆ ಸಿಗುವುದಿಲ್ಲ.

ದಾರಿ ದೂರವಿಲ್ಲ. ಎಸ್.ಎಸ್.ಎಲ್.ಸಿ. ಪಾಸಾದವರು ಐ.ಟಿ.ಐ.ಯಲ್ಲಿ ಫಿಟ್ಟರ್, ಟರ್ನರ್, ಮಷಿನಿಸ್ಟ್ ತರಬೇತಿ ಪಡೆಯಬಹುದು. ಅವಧಿ 2 ವರ್ಷ. ಅಲ್ಲಿಂದ ಡಿಪ್ಲೊಮಾ ಎರಡನೆಯ ವರ್ಷಕ್ಕೆ, ಡಿಪ್ಲೊಮಾದಿಂದ ಬಿ.ಇ. ಎರಡನೆಯ ವರ್ಷಕ್ಕೆ ಪ್ರವೇಶಾವಕಾಶವಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಬೆಳಗಾವಿಯಲ್ಲಿಯೇ ಇದೆ. ಐ.ಟಿ.ಐ. ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಸ್ಟೈಪೆಂಡ್ ಸಹಿತ ಕಾರ್ಖಾನೆಯಲ್ಲಿಯೇ ಕಲಿಯುವ ಅವಕಾಶವೂ ಇದೆ.

ಕೊನೆಯದಾಗಿ ಮೂರು ವಿನಂತಿ. ತಂದೆತಾಯಿಗಳೇ, ಇಂದಿನ ದಿನಗೂಲಿಯ ಆಸೆಗೆ ಮಗನ ಶಾಲೆ ಬಿಡಿಸಬೇಡಿ. ಅಳತೆ ಪರೀಕ್ಷೆ, ಪ್ರೋಗ್ರಾಮಿಂಗ್ ಕೆಲಸಗಳಲ್ಲಿ ಹೆಣ್ಣುಮಕ್ಕಳೂ ಮುಂದೆ ಬರಬಲ್ಲರು, ಅವರನ್ನು ತಡೆಯಬೇಡಿ. ವಿದ್ಯಾರ್ಥಿಗಳೇ, ಗಣಿತಕ್ಕೆ ಹೆದರಬೇಡಿ. ಯಂತ್ರಕ್ಕೆ ತಿಳಿಯುವ ಭಾಷೆ ಅದೇ. ಸಂಸ್ಥೆಯ ಪದಾಧಿಕಾರಿಗಳೇ, ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲೇ ಮನೆಮನೆಗೆ ಹೋಗಿ ಅರ್ಜಿ ತುಂಬಿಸುವ ವ್ಯವಸ್ಥೆ ಮಾಡಿರಿ. ಆ ವಾರ ತಪ್ಪಿದರೆ ಹುಡುಗ ಗ್ಯಾರೇಜ್ ಸೇರಿಬಿಡುತ್ತಾನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಹಲಾಲ್ ದುಡಿಮೆಯನ್ನೂ ಕರುಣಿಸಲಿ. ಆಮೀನ್.