ಮೋಹಪಾನಿಯ ಕಲ್ಲಿದ್ದಲ ಗಣಿ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಗಣಿಯ ಮಾತೆತ್ತುವುದೇಕೆಂದು ತಾವು ಕೇಳಬಹುದು. ಫೋರ್ಟಿನ ಈ ವಾಚನಾಲಯದಿಂದ ಬೋರಿಬಂದರಕ್ಕೆ ನಡೆದೇ ಹೋಗಬಹುದಷ್ಟೆ. 1853ರಲ್ಲಿ ಅಲ್ಲಿಂದಲೇ ಠಾಣೆಗೆ ಮೊದಲ ರೈಲು ಹೊರಟಿತು. ರೈಲಿಗೆ ಕಲ್ಲಿದ್ದಲು ಬೇಕು. ಮುಂಬಯಿಯ ಸುತ್ತಲಿನ ಕರಿಕಲ್ಲಿನಲ್ಲಿ ಅದು ಸಿಕ್ಕದು. ವಿಲಾಯತಿಯಿಂದ ಹಡಗಿನಲ್ಲಿ ತರಿಸಬೇಕಾಗಿತ್ತು.

ಹೀಗಿರಲು 1862ರಲ್ಲಿ ಸಾತ್ಪುಡಾ ಬೆಟ್ಟಗಳ ಬುಡದ ಮೋಹಪಾನಿ ಎಂಬ ಹಳ್ಳಿಯಲ್ಲಿ ನರ್ಮದಾ ಕಲ್ಲಿದ್ದಲು ಮತ್ತು ಕಬ್ಬಿಣದ ಕಂಪನಿಯು ಗಣಿಯನ್ನು ನಡೆಸತೊಡಗಿತು. ಅದು ಇಂದಿನ ಮಧ್ಯಪ್ರದೇಶದ ನರಸಿಂಹಪುರ ಜಿಲ್ಲೆಯಲ್ಲಿದೆ. 1870ರಲ್ಲಿ ಜಿ. ಐ. ಪಿ. ರೈಲು ಜಬಲಪುರವನ್ನು ಮುಟ್ಟಿತು. ಆ ದಾರಿಯ ಗಾಡರವಾರಾ ನಿಲ್ದಾಣದಿಂದ ಗಣಿಗೆ ಕವಲು ಹಳಿ ಹಾಕಿದರು. 1904ರಲ್ಲಿ ರೈಲ್ವೆ ಕಂಪನಿಯೇ ಗಣಿಯನ್ನು ಕೊಂಡುಕೊಂಡಿತು. ಬಂಗಾಲದ ರಾಣಿಗಂಜದ ಮುಂದೆ ಇದು ಸಣ್ಣ ಗಣಿ. ಆದರೂ ರೈಲಿನ ಹಾದಿಗೆ ಹತ್ತಿರವಿದ್ದುದೇ ಅದರ ಬೆಲೆ.

ಆ ನಾಡು ಗೊಂಡರದು. ಕಲ್ಲಿದ್ದಲು ದೊರೆಯುವ ಶಿಲೆಗಳಿಗೆ ಭೂಗರ್ಭಶಾಸ್ತ್ರಜ್ಞರು ಅವರ ನಾಡಿನ ಹೆಸರನ್ನೇ ಹಿಡಿದು ‘ಗೊಂಡ್ವಾನಾ’ ಎಂದರು. ನಾಡಿನ ಹೆಸರು ಕಲ್ಲಿಗೆ ಬಂತು, ಕಂಪನಿಯ ಹೆಸರು ಕಾಗದಕ್ಕೆ ಬಂತು. ಅಗೆದವರ ಹೆಸರು ಎಲ್ಲಿ ಬಂತು? ನಮ್ಮ ವಹಿಯಲ್ಲೂ ಹತ್ತಿಯ ತೂಕವಿರುತ್ತದೆ, ದರವಿರುತ್ತದೆ. ಬೆಳೆದವನ ಹೆಸರಿಗೆ ಅಲ್ಲಿ ಜಾಗವಿಲ್ಲ.

ನಾವೂ ಊರು ಬಿಟ್ಟು ದುಡಿಯಲು ಬಂದವರೇ. ನಮ್ಮ ಹಿರಿಯರು ಯಾವ ಗಿರಣಿಯಲ್ಲಿ, ಯಾವ ಹೊಟೇಲಿನಲ್ಲಿ, ಯಾವ ಗೋದಿಯಲ್ಲಿ ದುಡಿದರೆಂದು ಕೇಳಿ ಬರೆದಿಡೋಣ. ಅದಕ್ಕಾಗಿ ಈ ವಾಚನಾಲಯದಲ್ಲಿ ಒಂದು ವಹಿಯನ್ನು ತೆರೆಯೋಣ.